ಗೇಟಿನ ದೀಪಕ್ಕೆ ಏನೂ ಆಗಿಲ್ಲ

ತ್ರಿಪ್ಪುಣಿತ್ತುರ,
ಭಾನುವಾರ ಸಂಜೆ

ಪ್ರೀತಿಯ ದಿನ್ನು,

ಮೊದಲು ‘ಚಿರಂಜೀವಿ ದಿನಕರನಿಗೆ ಅಕ್ಕ ಮಾಡುವ ಆಶೀರ್ವಾದಗಳು’ ಎಂದೇ ಬರೆದಿದ್ದೆ. ನೀನು ಹಾಸ್ಟೆಲಿನಲ್ಲಿದ್ದ ಕಾಲದಿಂದ ಕೈಗೆ ಅಂಟಿದ ಅಭ್ಯಾಸ. ಬರೆದಾದ ಮೇಲೆ ಮೊದಲ ಪದವನ್ನು ಇನ್ನೊಮ್ಮೆ ನೋಡಿ ಹೊಡೆದು ಹಾಕಿದೆ. ಆಗಲೂ ಏನೂ ಅನಿಸಲಿಲ್ಲ. ಬ್ಯಾಂಕಿನಲ್ಲಿ ವೋಚರಿನ ಮೇಲೆ ತಪ್ಪು ತಾರೀಕು ಬಿದ್ದರೆ ಹೊಡೆದು ಪಕ್ಕದಲ್ಲಿ ಸಹಿ ಹಾಕುತ್ತೇವಲ್ಲ, ಹಾಗೆ. ಬೇರೆ ಹಾಳೆ ತೆಗೆದುಕೊಂಡು ಹೀಗೆ ಶುರು ಮಾಡಿದ್ದೇನೆ.

ನೀನು ಹೋಗಿ ಐದು ತಿಂಗಳಾಯಿತು. ನಾನು ಇನ್ನೂ ಅತ್ತಿಲ್ಲ. ಊರಿನವರು ಇದನ್ನು ಗಮನಿಸದೆ ಬಿಟ್ಟಿಲ್ಲ. ಉತ್ತರಕ್ರಿಯೆಯ ದಿನ ಪಾಯಸಕ್ಕೆ ಬೆಲ್ಲ ಕಮ್ಮಿಯಾಯಿತು ಎಂದು ಅಡುಗೆಯವರಿಗೆ ಹೇಳಿದವಳು ನಾನೇ. ಹರಿಣಾಕ್ಷಿಯದು ಕಲ್ಲುಮನಸ್ಸು ಎಂದು ಮಾತಾಡಿಕೊಂಡರಂತೆ. ಕಲ್ಲೇನೂ ಅಲ್ಲ ಮಾರಾಯ. ಹಲ್ಲು ಕೀಳುವ ಮೊದಲು ದವಡೆಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಆಮೇಲೆ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ನನ್ನ ಸ್ಥಿತಿ ಅದು. ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ, ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಚಿನ್ನದ ಸಾಲದ ಅರ್ಜಿಗಳಿಗೆ ಸಹಿ ಹಾಕುತ್ತೇನೆ. ಯಾರಾದರೂ ಜೋಕು ಹೇಳಿದರೆ ನಗುತ್ತೇನೆ ಕೂಡ.

ಈ ಕಾಗದ ಅಳುವುದಕ್ಕಲ್ಲ. ನಿನ್ನ ಗೇಟಿನ ಲೈಟಿನ ವಿಷಯ ತಿಳಿಸುವುದಕ್ಕೆ. ಏನೇ ಕೆಟ್ಟಿತೆಂದು ಫೋನ್ ಮಾಡಿದರೂ “ಮೊದಲಿಂದ ಹೇಳು ಅಕ್ಕಾ, ನಡುವಿಂದ ಶುರು ಮಾಡ್ಬೇಡ” ಎನ್ನುವವ ನೀನು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಹೇಳುತ್ತೇನೆ. ಕೇಳು.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಐದು ಸೆಂಟು ಜಾಗದ ನಿನ್ನ ಸಾಮ್ರಾಜ್ಯಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಸೋಲಾರ್ ಲೈಟು ಹಾಕಿದ ದಿನ ನೀನು ನನಗೆ ಫೋನ್ ಮಾಡಿದ್ದೆ. ಬಾಹ್ಯಾಕಾಶ ಕೇಂದ್ರದಲ್ಲಿ ಆಕಾಶಕ್ಕೆ ಹೋಗುವ ಬ್ಯಾಟರಿಗಳನ್ನು ಪರೀಕ್ಷೆ ಮಾಡುವ ದೊಡ್ಡ ಮನುಷ್ಯ, ಮನೆಯ ಟಾರ್ಚಿಗೆ ಸೆಲ್ಲು ಹಾಕಲು ಪುರುಸೊತ್ತಿಲ್ಲದವ, ಆ ದಿನ ಹೊಸ ಸೈಕಲ್ಲು ಸಿಕ್ಕವನ ಹಾಗೆ ಮಾತಾಡಿದ್ದೆ. “ವಯರ್ ಬೇಡ, ಕರೆಂಟ್ ಬಿಲ್ಲಿಲ್ಲ ಅಕ್ಕಾ. ಹಗಲಿಡೀ ಬಿಸಿಲು ಕುಡೀತದೆ. ಕತ್ತಲಾದ ಮೇಲೆ ಯಾರಾದ್ರೂ ಹತ್ತಿರ ಬಂದ್ರೆ ಮಾತ್ರ ಕಣ್ಣು ಬಿಡ್ತದೆ.” ನಾನು, “ಹಾಗಾದ್ರೆ ನಿನ್ನ ಜಾತಿಯದ್ದೇ. ಯಾರಾದ್ರೂ ಬಂದು ಅಲ್ಲಾಡಿಸದೆ ಏಳುದಿಲ್ಲ” ಎಂದಿದ್ದೆ. ನೀನು ನಕ್ಕು, ಸಿಟ್‌ಔಟ್ ಎನ್ನುವ ಮುಂದಿನ ಜಗಲಿಯ ಬಲ್ಬಿಗೆ ಇನ್ನು ಅರ್ಧ ಡ್ಯೂಟಿ ಎಂದಿದ್ದೆ. ನೀನು ಮನೆಗೆ ಬರುವ ತನಕ ಬಲ್ಬು, ಬಂದ ಮೇಲೆ ಬೆಳಗಿನ ತನಕ ಸೋಲಾರು. ಆಫೀಸಿನಲ್ಲಿ ಪಾಳಿ ಬದಲಿಸಿ ಬದಲಿಸಿ ನಿನಗೆ ಎಲ್ಲದರಲ್ಲೂ ಪಾಳಿಯೇ ಕಾಣುತ್ತಿತ್ತು. ನಾನು ಆ ಮಾತನ್ನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಸಿಟ್‌ಔಟ್ ಬಲ್ಬಿನ ಪದ್ಧತಿ ನಮ್ಮ ಊರು ಕುಂಬಳೆಯಿಂದ ಬಂದದ್ದು. ನಮ್ಮಲ್ಲಿ ಸಂಜೆ ಜಗಲಿಯಲ್ಲಿ ಲಾಟೀನು ತೂಗುಹಾಕಿದರೆ, ಎಲ್ಲರಿಗಿಂತ ಕೊನೆಗೆ ಮನೆಗೆ ಬಂದವರು ಅದನ್ನು ನಂದಿಸಿ ಬಾಗಿಲು ಹಾಕಬೇಕಿತ್ತು. ಮೊದಲು ಬಂದವರು ಮುಟ್ಟುವಂತಿಲ್ಲ. ಒಳಗೆ ಮಲಗಿದ ಅಮ್ಮ ಬಾಗಿಲ ಸಂದಿಯ ಬೆಳಕು ಹೋದದ್ದನ್ನು ನೋಡಿ, ಸರಿ, ಎಲ್ಲರೂ ಬಂದರು ಎಂದು ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದಳು. ನೀನು ಲಾಟೀನಿನ ಜಾಗದಲ್ಲಿ ಬಲ್ಬು ಹಾಕಿ ಅದೇ ಪದ್ಧತಿಯನ್ನು ತಿರುವನಂತಪುರಕ್ಕೆ ತಂದೆ. ಮೈಸೂರಿನ ಹುಡುಗಿ ಪಾವನಾ ಮದುವೆಯಾದ ಹೊಸತರಲ್ಲಿ, “ಇದೇನತ್ತಿಗೆ ನಿಮ್ಮನೇಲಿ, ಲೈಟ್ ಆರಿಸೋಕೂ ಸರದಿನಾ?” ಎಂದು ನಗುತ್ತಿದ್ದಳು. ಕ್ರಮೇಣ ಅವಳಿಗೂ ಅಭ್ಯಾಸವಾಯಿತು. ನಿನಗೆ ಎರಡನೇ ಪಾಳಿ ಇದ್ದ ದಿನ ಅವಳು ಮಲಗುವ ಕೋಣೆಯ ಬಾಗಿಲ ಕೆಳಗಿನ ಬೆಳಕಿನ ಗೆರೆ ನೋಡುತ್ತಾ ಮಲಗಿರುತ್ತಾಳೆ, ಗೆರೆ ಅಳಿಸಿದ ಮೇಲೆಯೇ ನಿದ್ದೆ ಎಂದು ನೀನೇ ಹೇಳಿದ್ದೆ.

ಜೂನಿನ ಆ ಸಂಜೆಯೂ ಅವಳು ಬಲ್ಬು ಹಾಕಿದಳು. ನೀನು ಲ್ಯಾಬಿನಲ್ಲಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತೆಯಂತೆ. ಜೊತೆಯವರು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು. ಮರುದಿನ ನಿನ್ನನ್ನು ಮನೆಗೆ ತಂದರು. ಮನೆಗೆ ಎಂದರೆ ಅಂಗಳಕ್ಕೆ. ಹೊರಗೆ ತೀರಿಕೊಂಡವರನ್ನು ಹೊಸಿಲು ದಾಟಿಸುವ ಕ್ರಮ ನಮ್ಮಲ್ಲಿಲ್ಲ ಎಂದು ಊರಿಂದ ಬಂದ ಹಿರಿಯರು ಹೇಳಿದರು. ಮಳೆ ಹಿಡಿದುಕೊಂಡಿತ್ತು. ಟಾರ್ಪಾಲು ಕಟ್ಟಿ ಅದರಡಿಯಲ್ಲಿ, ಸಿಟ್‌ಔಟಿನ ಮೆಟ್ಟಿಲ ಹತ್ತಿರವೇ ಮಲಗಿಸಿದರು. ಅಲ್ಲಿಂದಲೇ ಕೊಂಡುಹೋದರು.

ಗೇಟಿನ ಲೈಟು ಕೆಟ್ಟದ್ದನ್ನು ಮೊದಲು ಕಂಡವಳು ಪಾವನಾ. ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ ನಾವಿಬ್ಬರೂ ಸಿಟ್‌ಔಟಿನಲ್ಲಿ ಕುಳಿತಿದ್ದಾಗ, ಯಾರೋ ಬಂದು ಗೇಟು ತೆಗೆದು ಪೇಪರಿನ ಬಿಲ್ಲು ಕೊಟ್ಟು ಹೋದರು. ಕಂಬದ ಮೇಲಿನ ಲೈಟು ಹೊತ್ತಲಿಲ್ಲ. “ಅತ್ತಿಗೆ, ಅವ್ರು ಹೋದ ದಿನದಿಂದ ಅದು ಹತ್ಕೊಂಡೇ ಇಲ್ಲ” ಎಂದಳು. ಅದು ದೂರು ಹೇಳುವ ಸ್ವರವಾಗಿರಲಿಲ್ಲ. ಅದಕ್ಕಾದರೂ ನನ್ನ ದುಃಖ ಗೊತ್ತಾಯಿತಲ್ಲ ಎನ್ನುವ ಸ್ವರ. ನನಗೆ ಅದು ಚೂರೂ ಹಿಡಿಸಲಿಲ್ಲ.

ಆಮೇಲೆ ಪಾವನಾ ಎಲ್ಲದಕ್ಕೂ ಆ ಲೈಟನ್ನೇ ಅಡ್ಡ ಇಟ್ಟಳು. ಅವಳು ಪಾಠ ಮಾಡುವ ಶಾಲೆಯಿಂದ ಫೋನ್ ಬರುತ್ತಿತ್ತು, ಹತ್ತನೆಯ ಕ್ಲಾಸಿಗೆ ಗಣಿತಕ್ಕೆ ಜನವಿಲ್ಲ, ಯಾವಾಗ ಬರುತ್ತೀರಿ ಎಂದು. “ಆ ಲೈಟ್ ಒಂದು ಸರಿ ಆಗ್ಲಿ ಅತ್ತಿಗೆ, ಆಮೇಲೆ ನೋಡೋಣ.” ನಿನ್ನ ಅಂಗಿಗಳನ್ನು ಯಾರಿಗಾದರೂ ಕೊಡೋಣವೇ ಎಂದರೆ ಅದೇ ಮಾತು. ಡಾಕ್ಟರ ಹತ್ತಿರ ಹೋಗಿ ನಿದ್ದೆಗೇನಾದರೂ ಕೇಳೋಣ ಎಂದರೂ ಅದೇ. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಾಗಿತ್ತು. ಹದಿನೈದು ವರ್ಷದ ನಿನ್ನ ಮಗಳು ಅನ್ವಿತಾ ತಾನೇ ಟಿಫಿನ್ನು ಕಟ್ಟಿಕೊಂಡು, ತಾನೇ ಫೀಸು ಕಟ್ಟಿ, ತಾಯಿಯ ಬಾಯಿಗೆ ತುತ್ತು ಹೋಯಿತೇ ಎಂದು ತಟ್ಟೆ ನೋಡುತ್ತಿದ್ದಳು. ಲೈಟು ಹೊತ್ತಬೇಕು, ಇಲ್ಲದಿದ್ದರೆ ಈ ಹೆಣ್ಣು ಅದೇ ಕುರ್ಚಿಯಲ್ಲಿ ಕುಳಿತು ಸವೆದು ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಪ್ರತಿ ಶನಿವಾರ ತ್ರಿಪ್ಪುಣಿತ್ತುರದಲ್ಲಿ ರೈಲು ಹತ್ತಿ, ಬ್ಯಾಗಿನಲ್ಲಿ ಸ್ಕ್ರೂಡ್ರೈವರು ಇಟ್ಟುಕೊಂಡು ನಿನ್ನ ಮನೆಗೆ ಹೋಗತೊಡಗಿದೆ. ಬೇರೆ ಏನು ಮಾಡಬೇಕೆಂದು ನನಗೂ ತಿಳಿದಿರಲಿಲ್ಲ.

ಮೊದಲು ಎಲ್ಲರೂ ಮಳೆಯನ್ನು ಬೈದೆವು. ಕರ್ಕಾಟಕ ಮಾಸ, ಬಿಸಿಲಿಲ್ಲ, ಚಾರ್ಜು ಎಲ್ಲಿಂದ ಬರಬೇಕು. ಅದೂ ಸುಳ್ಳಲ್ಲ, ಬಾವಿಯ ಹತ್ತಿರದ್ದೂ ಅಡುಗೆಮನೆಯ ಹಿಂದಿನದ್ದೂ ಆಗ ಮಿಣಮಿಣ ಎನ್ನುತ್ತಿದ್ದವು. ಓಣಂ ಕಳೆದು ಬಿಸಿಲು ಬಂತು. ಅಡುಗೆಮನೆಯ ಹಿಂದಿನದಕ್ಕೆ ನುಗ್ಗೆಮರದ ಕೊಂಬೆ ಅಡ್ಡ ಬಂದಿತ್ತು, ಕಡಿಸಿದೆ, ಸರಿಯಾಯಿತು. ಬಾವಿಯ ಹತ್ತಿರದ್ದನ್ನು ಬಿಚ್ಚಿ ನೋಡಿದರೆ ಒಳಗಿನ ಸೆಲ್ಲು ಬಸುರಿಯ ಹಾಗೆ ಉಬ್ಬಿತ್ತು. ಕೊಚ್ಚಿಯ ಪಳ್ಳಿಮುಕ್ಕಿನ ಅಂಗಡಿಯಿಂದ ಬೇರೆ ತಂದು ಹಾಕಿದೆ. ಮೋಟರಿನ ಹತ್ತಿರದ್ದು ಯಾರೂ ಬಾರದಿದ್ದರೂ ಹೊತ್ತಿ ಆರುತ್ತಿತ್ತು. ಸೆನ್ಸರಿನ ಗುಳ್ಳೆಯ ಎದುರಿಗೇ ಬಾಳೆಯ ಎಲೆ ಗಾಳಿಗೆ ಬೀಸುತ್ತಿತ್ತು, ಅಷ್ಟೇ. ಐವತ್ತನಾಲ್ಕು ವರ್ಷದ ಬ್ಯಾಂಕ್ ಮ್ಯಾನೇಜರು ಏಣಿ ಹತ್ತಿ ಇಷ್ಟೆಲ್ಲ ಮಾಡಿದ್ದನ್ನು ನೀನು ನೋಡಬೇಕಿತ್ತು. ನೋಡಿದ್ದರೆ ನಗುತ್ತಿದ್ದೆ, ಏಣಿಯನ್ನು ಮಾತ್ರ ಹಿಡಿದುಕೊಳ್ಳುತ್ತಿರಲಿಲ್ಲ.

ಗೇಟಿನದ್ದು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಪ್ಯಾನಲ್ಲಿನ ಮೇಲಿನ ಕಾಗೆಯ ಹಿಕ್ಕೆ ಒರೆಸಿದೆ. ಸೆಲ್ಲು ಬದಲಿಸಿದೆ. ಹಿಂದಿನ ರಬ್ಬರು ತೆಗೆದು ನೀರು ಹೋಗಿದೆಯೇ ಎಂದು ನೋಡಿದೆ. ನನ್ನ ಕೆಲಸ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಿತ್ತು. ಕರೆಸಿದ ಇಲೆಕ್ಟ್ರಿಷಿಯನ್ ಎರಡು ಸಲ ತಟ್ಟಿ ನೋಡಿ, ಬಿಸಾಡಿ ಬೇರೆ ತಗೊಳ್ಳಿ ಎಂದ. ಪಾವನಾ ಒಳಗಿನಿಂದ, “ಬೇರೆ ಬೇಡ. ಅದೇ ಬೇಕು” ಎಂದಳು. ಆ ದಿನ ಅವಳ ಬಾಯಿಂದ ಬಂದದ್ದು ಅದೊಂದೇ ಮಾತು.

ಆಗ ನಿನ್ನ ಉಪದೇಶ ನೆನಪಾಯಿತು. ನನ್ನ ಮಿಕ್ಸಿ ಕೆಟ್ಟಾಗ ಫೋನಿನಲ್ಲಿ ಅರ್ಧ ಗಂಟೆ ಕೊರೆದಿದ್ದೆಯಲ್ಲ. “ಒಂದು ಸಲಕ್ಕೆ ಒಂದನ್ನೇ ಬದಲಿಸ್ಬೇಕು ಅಕ್ಕಾ. ಎರಡು ಒಟ್ಟಿಗೆ ಬದಲಿಸಿದ್ರೆ ಯಾವುದು ತಪ್ಪಿದ್ದು ಅಂತ ಎಂದಿಗೂ ಗೊತ್ತಾಗುದಿಲ್ಲ. ನಮ್ಮ ಲ್ಯಾಬಿನಲ್ಲಿ ಹಾಗೆ ಮಾಡಿದವರಿಗೆ ಚಾ ಕೂಡ ಕೊಡುದಿಲ್ಲ.” ಸರಿ, ಒಂದೊಂದೇ ನೋಡುವ ಎಂದು ಹೊರಟೆ. ಅನ್ವಿತಾ ಫೋನಿನಲ್ಲಿ ಏನೋ ವಿಡಿಯೋ ನೋಡಿ ಒಳಗಿನಿಂದ ನಿನ್ನ ಹಳೆಯ ಟವೆಲ್ಲು ತಂದಳು. ಇಂತಹ ಲೈಟಿಗೆ ಪ್ಯಾನಲ್ಲೇ ಕಣ್ಣಂತೆ. ಅದರ ಮೇಲೆ ಬೆಳಕು ಬೀಳುತ್ತಿರುವಷ್ಟು ಹೊತ್ತು ಹಗಲೆಂದು ತಿಳಿದು ಮಲಗಿರುತ್ತದೆ, ಮುಚ್ಚಿದರೆ ರಾತ್ರಿಯೆಂದು ತಿಳಿಯುತ್ತದೆ. ಒಳ್ಳೆಯ ಮಧ್ಯಾಹ್ನದ ಬಿಸಿಲಿನಲ್ಲಿ ಟವೆಲ್ಲು ಹೊದಿಸಿ ಅವಳು ಗೇಟಿನ ಮುಂದೆ ನಡೆದಳು. ಲೈಟು ಪಳಕ್ಕನೆ ಹೊತ್ತಿತು. ಮತ್ತೆ ನಡೆದಳು, ಮತ್ತೆ ಹೊತ್ತಿತು. ನಾವಿಬ್ಬರೂ ಪಾವನಾಳನ್ನು ಕೂಗಿ ಕರೆದು ತೋರಿಸಿದೆವು. ಅವಳು ಹೊರಗೆ ಬಂದು ನೋಡಿ, “ಕತ್ತಲಾದ್ಮೇಲೆ ತೋರ್ಸಿ” ಎಂದು ಒಳಗೆ ಹೋದಳು. ಕತ್ತಲಾಯಿತು. ನಾನು, ಅನ್ವಿತಾ ಗೇಟಿನ ಮುಂದೆ ಪೆರೇಡು ಮಾಡಿದ್ದೇ ಬಂತು, ಅದು ಹೊತ್ತಲಿಲ್ಲ.

ಹಗಲು ಉರಿಯುವ, ರಾತ್ರಿ ಉರಿಯದ ದೀಪವನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಪಾವನಾ ಕಾಣದ್ದೇನನ್ನೋ ಕಂಡವಳ ಹಾಗೆ ಅದರ ಕಡೆ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಭಾನುವಾರ ಹೊರಡುವಾಗ ಲೈಟನ್ನೇ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಕೊಚ್ಚಿಗೆ ತಂದೆ. ನನ್ನ ಮೂರನೇ ಮಹಡಿಯ ಬಾಲ್ಕನಿಯ ಸರಳಿಗೆ ಕಟ್ಟಿದೆ. ಆ ಮಹಾರಾಯ ಇಲ್ಲಿ ಮೊದಲ ರಾತ್ರಿಯಿಂದಲೇ ಉರಿದ! ನಾನು ಒಗೆದ ಬಟ್ಟೆ ತೆಗೆಯಲು ಹೋದರೆ ಉರಿದ, ಪಕ್ಕದ ಮನೆಯ ಬೆಕ್ಕು ಗೋಡೆ ದಾಟಿದರೆ ಉರಿದ. ಒಂದು ವಾರ ಒಂದು ದಿನವೂ ತಪ್ಪಲಿಲ್ಲ. ವಿಡಿಯೋ ಕಳಿಸಿದರೆ ಅನ್ವಿತಾ “ಅವಿಡೆ ವರ್ಕ್ ಚೆಯ್ಯುನ್ನುಂಡಲ್ಲೋ ಅತ್ತೆ!” ಎಂದು ಮೆಸೇಜು ಹಾಕಿದಳು. ಅಲ್ಲಿ ಕೆಲಸ ಮಾಡುತ್ತದಲ್ಲ ಎಂದು. ನಿನ್ನ ಮಗಳಿಗೆ ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಮುಂದಿನ ಶನಿವಾರ ತಿರುವನಂತಪುರದ ಕಂಬಕ್ಕೆ ಮತ್ತೆ ಕೂರಿಸಿದೆ. ಪುನಃ ಮೌನವ್ರತ. ಬ್ರಾಂಚಿನಲ್ಲಿ ಚುರುಕಾಗಿದ್ದ ಕೆಲವರು ಹೆಡ್ಡಾಫೀಸಿಗೆ ವರ್ಗವಾದ ಕೂಡಲೇ ಹೀಗಾಗುವುದನ್ನು ನೋಡಿದ್ದೇನೆ. ಆದರೆ ಒಂದು ತಿಳಿಯಿತು. ಬದಲಾದದ್ದು ಜಾಗ ಒಂದೇ. ತಪ್ಪು ಲೈಟಿನಲ್ಲಿಲ್ಲ, ಅದು ಇರುವ ಕಡೆ ಇದೆ.

ಉತ್ತರ ಕೊಟ್ಟವರು ಎದುರುಮನೆಯ ಜುಬೈದಾ ಟೀಚರು. ತುಲಾ ತಿಂಗಳ ಗುಡುಗಿಗೆ ಒಂದು ಸಂಜೆ ಇಡೀ ಬೀದಿಯ ಕರೆಂಟು ಹೋಗಿತ್ತಂತೆ. ಅದಾದ ಭಾನುವಾರ ನನ್ನನ್ನು ಗೇಟಿನ ಹತ್ತಿರ ಕಂಡು, “ಚೇಚೀ, ಕರೆಂಟು ಪೋಯಪ್ಪೋಳ್ ನಿಙ್ಙಳುಡೆ ಗೇಟಿಲೆ ಲೈಟ್ ಕತ್ತಿಯಲ್ಲೋ!” ಎಂದರು. ಕರೆಂಟು ಹೋದಾಗ ನಿಮ್ಮ ಗೇಟಿನ ಲೈಟು ಹೊತ್ತಿತಲ್ಲ, ನಾಯಿಯೊಂದು ಹಾದುಹೋಯಿತು, ಬೀದಿಗೆಲ್ಲ ಅದೊಂದೇ ಬೆಳಕು ಎಂದು. ಪಾವನಾ ಆಗ ಒಳಗೆ ಮೇಣದ ಬತ್ತಿ ಹುಡುಕುತ್ತಿದ್ದಳೋ ಏನೋ, ಕಂಡಿರಲಿಲ್ಲ. ಆಮೇಲೆ ಜುಬೈದಾ ಸ್ವರ ತಗ್ಗಿಸಿ ಇನ್ನೊಂದು ಮಾತು ಕೇಳಿದರು. ಬೆಳಗಿನ ನಮಾಜಿಗೆ ಏಳುವಾಗ ದಿನಾ ನೋಡುತ್ತೇನೆ, ನಿಮ್ಮ ಸಿಟ್‌ಔಟ್ ಬಲ್ಬು ಆರುವುದೇ ಇಲ್ಲ, ಹಗಲೂ ಉರಿಯುತ್ತದೆ, ಮನೆಯವರು ತೀರಿಕೊಂಡರೆ ಹೀಗೆ ಉರಿಸಿಡುವುದು ನಿಮ್ಮ ಕರ್ನಾಟಕದವರ ಆಚಾರವೇ ಎಂದು. ನಾನು ಹೌದು ಎಂದೆ. ಏಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

ಅವರು ಹೋದ ಮೇಲೆ ತಿರುಗಿ ನೋಡಿದೆ. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಲ್ಬು ಉರಿಯುತ್ತಿತ್ತು. ಪಾವನಾ ಹೆದರಬಾರದೆಂದು ನೀನೇ ಹಾಕಿದ ದೊಡ್ಡ ಬಲ್ಬು. ಕಂಬದ ಮೇಲಿನ ಪ್ಯಾನಲ್ಲನ್ನು ನೀನು ಬಿಸಿಲು ಚೆನ್ನಾಗಿ ಸಿಗಲೆಂದು ಮನೆಯ ಕಡೆಗೇ ಓರೆ ಮಾಡಿ ಕೂರಿಸಿದ್ದೆ, ಅದು ನೇರ ಆ ಬಲ್ಬನ್ನೇ ನೋಡುತ್ತಿತ್ತು. ಇಷ್ಟು ವಾರ ನಾನು ಅದೇ ಬಲ್ಬಿನ ಬೆಳಕಿನಲ್ಲಿ ಸ್ಕ್ರೂ ಬಿಚ್ಚುತ್ತಿದ್ದೆ. ದೀಪದ ಬುಡ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಆ ಸಂಜೆಯ ರೈಲು ಬಿಟ್ಟು ಉಳಿದುಕೊಂಡೆ. ಕತ್ತಲಾದ ಮೇಲೆ, ಪಾವನಾ ಸ್ನಾನಕ್ಕೆ ಹೋದ ಹೊತ್ತು ನೋಡಿ, ಗೇಟಿನ ಹತ್ತಿರ ಸ್ಟೂಲು ಹತ್ತಿ ಬಲ್ಬಿಗೂ ಪ್ಯಾನಲ್ಲಿಗೂ ನಡುವೆ ಅಂಗೈ ಹಿಡಿದೆ. ಅಂಗೈಯ ನೆರಳು ಬಿತ್ತು, ನಿನ್ನ ಲೈಟು ನನ್ನ ಮುಖಕ್ಕೇ ಹೊತ್ತಿತು. ಕೈ ತೆಗೆದೆ, ಆರಿತು. ಎರಡು ಮೂರು ಸಲ ಹಾಗೆ ಮಾಡಿದೆ. ಖುಷಿಯಾಗಬೇಕಿತ್ತು. ಸ್ಟೂಲಿನಿಂದ ಇಳಿದು ಮೆಟ್ಟಿಲ ಮೇಲೆ ಕುಳಿತೆ.

ಯಾಕೆಂದರೆ ಆಗ ನನಗೆ ಪೂರ್ತಿ ಅರ್ಥವಾಗಿತ್ತು. ಜ್ಞಾಪಿಸಿಕೊಂಡರೆ, ನಿನ್ನನ್ನು ಟಾರ್ಪಾಲಿನಡಿ ಮಲಗಿಸಿದ್ದಾಗಲೂ ಆ ಬಲ್ಬು ಉರಿಯುತ್ತಿತ್ತು. ನೀನು ಹೋದ ದಿನದಿಂದಲೇ ಲೈಟು ಕೆಟ್ಟದ್ದು ಏಕೆಂದರೆ, ಆ ದಿನದಿಂದ ಬಲ್ಬು ಆರಿಸಿದವರಿಲ್ಲ. ನಮ್ಮ ಮನೆಯಲ್ಲಿ ಅದನ್ನು ಆರಿಸಬೇಕಾದವರು ಕೊನೆಗೆ ಬಂದವರು. ಕೊನೆಗೆ ಬರಬೇಕಾದವನು ಮೆಟ್ಟಿಲ ತನಕ ಬಂದ, ಒಳಗೆ ಬರಲಿಲ್ಲ. ಪಾವನಾ ಐದು ತಿಂಗಳಿಂದ ಬಾಗಿಲ ಕೆಳಗಿನ ಬೆಳಕಿನ ಗೆರೆ ನೋಡುತ್ತಾ ಮಲಗಿದ್ದಾಳೆ. ಗೆರೆ ಅಳಿಸಿಲ್ಲ, ನಿದ್ದೆ ಬಂದಿಲ್ಲ. ಲೈಟು ಹೊತ್ತಲಿ ಎಂದು ಕಾಯುವವಳು ಅವಳೇ, ಹೊತ್ತದ ಹಾಗೆ ಮಾಡಿದವಳೂ ಅವಳೇ. ಸ್ವಿಚ್ಚು ಒತ್ತಿದರೆ ಮುಗಿಯುವ ರಿಪೇರಿ. ಆ ಸ್ವಿಚ್ಚನ್ನು ಒತ್ತುವುದೆಂದರೆ ನೀನು ಬರುವುದಿಲ್ಲ ಎಂದು ಅವಳಿಗೆ ಹೇಳಿದ ಹಾಗೆ. ಇಡೀ ಊರು ಹೇಳಿದ್ದರೂ ಅವಳ ಕಿವಿಗೆ ಹೋಗದ ಮಾತು ಅದು.

ನಾನು ಕುಳಿತಿದ್ದಲ್ಲಿಗೆ ಅನ್ವಿತಾ ಬಂದಳು. ನಾನು ಅಂಗೈ ಹಿಡಿದದ್ದನ್ನು ಕಿಟಕಿಯಿಂದ ನೋಡಿದ್ದಳು. “ಎನಿಕ್ಕರಿಯಾಂ ಅತ್ತೆ” ಎಂದಳು. ಅವಳಿಗೆ ಗೊತ್ತಿತ್ತಂತೆ. ಟವೆಲ್ಲಿನ ದಿನವೇ ಗೊತ್ತಾಗಿತ್ತಂತೆ. ಮತ್ತೆ ಏಕೆ ಹೇಳಲಿಲ್ಲ, ಏಕೆ ಆರಿಸಲಿಲ್ಲ ಎಂದು ಕೇಳಿದೆ. ಸ್ವಿಚ್ಚಿನ ಕಡೆ ನೋಡದೆ, “ಞಾನ್ ಓಫ್ ಚೆಯ್ಯಿಲ್ಲ” ಎಂದಳು. ನಾನು ಆರಿಸುವುದಿಲ್ಲ ಎಂದು. ಆಮೇಲೆ, ನಾನು ಯಾವಾಗಲೂ ಅಪ್ಪನಿಗಿಂತ ಮೊದಲು ಬರುತ್ತಿದ್ದೆ ಎಂದು ಅದೇ ಮಲಯಾಳದಲ್ಲಿ ಹೇಳಿದಳು. ಮೊದಲು ಬಂದವರು ಮುಟ್ಟುವಂತಿಲ್ಲವಲ್ಲ. ಕುಂಬಳೆಯ ಲಾಟೀನನ್ನು ಕಣ್ಣಿನಲ್ಲಿ ಕಾಣದ ಹುಡುಗಿಗೆ ನೀನು ಪಾಠ ಚೆನ್ನಾಗಿಯೇ ಕಲಿಸಿದ್ದೀಯ. ಅವಳ ತಲೆ ಸವರಿದೆ.

ಮರುದಿನ ಬೆಳಗಿನ ರೈಲಿಗೆ ಹೊರಡುವ ಮೊದಲು ಪಾವನಾಳಿಗೆ ಹೇಳಿಯೇ ಬಿಟ್ಟೆ. ಸುತ್ತುಬಳಸಿ ಮಾತಾಡಲು ನನಗೆ ಬಾರದು, ನಿನಗೆ ಗೊತ್ತು. “ಗೇಟಿನ ಲೈಟಿಗೆ ಏನೂ ಆಗ್ಲಿಲ್ಲ ಪಾವನಾ. ಈ ಬಲ್ಬು ಉರೀತಾ ಇದ್ರೆ ಅದಕ್ಕೆ ಹಗಲು. ಇದು ಆರಿದ್ರೆ ಅದು ಹೊತ್ತುತ್ತದೆ.” ಅವಳು ಕಾಫಿ ಸೋಸುತ್ತಿದ್ದಳು. ಸೋಸುವುದನ್ನು ನಿಲ್ಲಿಸಲಿಲ್ಲ. ಲೋಟ ನನ್ನ ಮುಂದಿಟ್ಟು, “ಸಕ್ಕರೆ ಸಾಕಾ ನೋಡಿ” ಎಂದಳು. ಅಷ್ಟೇ. ಗೇಟು ದಾಟುವಾಗ ತಿರುಗಿ ನೋಡಿದರೆ ಬಲ್ಬು ಉರಿಯುತ್ತಿತ್ತು. ಆ ವಾರವಿಡೀ ಅನ್ವಿತಾಳಿಗೆ ಮೆಸೇಜು ಮಾಡಿ ಕೇಳಿದೆ. ಉರಿಯುತ್ತಿದೆ, ಉರಿಯುತ್ತಿದೆ ಎಂದೇ ಉತ್ತರ. ಹೇಳಬಾರದಿತ್ತೋ ಏನೋ ಎಂದು ನಾನು ಬ್ಯಾಂಕಿನಲ್ಲಿ ಒಂದೇ ಕಡತವನ್ನು ನಾಲ್ಕು ಸಲ ಓದಿದೆ.

ಮೊನ್ನೆ ಶುಕ್ರವಾರ ನನಗೆ ಶನಿವಾರದ ತನಕ ಕಾಯಲಾಗಲಿಲ್ಲ. ಕೆಲಸ ಮುಗಿಸಿ ನೇರ ಸ್ಟೇಷನ್ನಿಗೆ ಹೋದೆ. ರೈಲು ಕೊಟ್ಟಾಯಂನಲ್ಲಿ ನಿಂತೇ ಬಿಟ್ಟಿತು. ಕಾಯಬೇಡಿ, ಊಟ ಮಾಡಿ ಮಲಗಿ ಎಂದು ಮೆಸೇಜು ಹಾಕಿದೆ. ಕಳಕ್ಕೂಟ್ಟಂನಲ್ಲಿ ಇಳಿದು ಆಟೋ ಹಿಡಿದು ಬಂದರೆ, ಬೀದಿಯ ತಿರುವಿನಿಂದಲೇ ನಿನ್ನ ಸಿಟ್‌ಔಟ್ ಬಲ್ಬು ಕಂಡಿತು. ಹಾಗೆ ದೂರದಿಂದ ಅದನ್ನು ನೋಡಿದ್ದು ನನಗೆ ಅದೇ ಮೊದಲು. ದಿನಾ ನೀನು ಹೀಗೆಯೇ ನೋಡುತ್ತಿದ್ದಿರಬೇಕು. ತಾಯಿ, ಮಗಳು ಇಬ್ಬರೂ ಊಟ ಮಾಡದೆ ಕುಳಿತಿದ್ದರು. ನಾನು ಬ್ಯಾಗು ಎತ್ತಿಕೊಂಡು ಗೇಟು ದೂಡಿ, ಚಪ್ಪಲಿ ಕಳಚಿ, ಹೊಸಿಲು ದಾಟಿ ಒಳಗೆ ಬಂದೆ. ಲೇಟಾಯಿತು, ಯಾಕೆ ಕಾದಿರಿ ಎಂದು ಬೈದೆ.

ಪಾವನಾ ಬಾಗಿಲ ಪಕ್ಕದ ಸ್ವಿಚ್ಚುಬೋರ್ಡಿನ ಹತ್ತಿರ ನಿಂತಿದ್ದಳು. “ಅತ್ತಿಗೆ” ಎಂದಳು. ನಾನು ತಿರುಗಿದೆ. “ಇವತ್ತು ಕೊನೇಲಿ ಬಂದೋರು ನೀವು.”

ನಾನು ಅವಳ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. “ಇನ್ಯಾರೂ ಬರೋರಿಲ್ಲ” ಎಂದಳು.

ದಿನ್ನು, ನಾನು ಬ್ಯಾಂಕಿನಲ್ಲಿ ಎಷ್ಟೋ ಕೋಟಿಯ ಕಾಗದಗಳಿಗೆ ಸಹಿ ಹಾಕಿದವಳು. ಆ ಸ್ವಿಚ್ಚನ್ನು ಒತ್ತಲು ನನ್ನ ಬೆರಳಿಗೆ ಬಲ ಸಾಲಲಿಲ್ಲ. ಇನ್ನೊಂದು ಕೈಯ ಬೆರಳನ್ನೂ ಸೇರಿಸಿ ಒತ್ತಿದೆ. ಬಲ್ಬು ಆರಿತು. ಅಂಗಳ ಕತ್ತಲಾಯಿತು. ನಾವು ಮೂವರೂ ಬಾಗಿಲಲ್ಲಿ ನಿಂತು ಗೇಟಿನ ಕಡೆ ನೋಡಿದೆವು. ಏನೂ ಹೊತ್ತಲಿಲ್ಲ. ಎಲ್ಲ ಲೆಕ್ಕಾಚಾರ ತಪ್ಪಿತೋ ಎಂದುಕೊಂಡೆ. ಆಮೇಲೆ ಹೊಳೆಯಿತು. ನಿನ್ನ ಲೈಟಿಗೆ ಕತ್ತಲಾದರೆ ಸಾಲದು, ಯಾರಾದರೂ ಅಲುಗಾಡಬೇಕು. ನಾವು ಮೂವರೂ ಕಂಬದ ಹಾಗೆ ನಿಂತಿದ್ದೆವು.

“ಗೇಟ್ ಹಾಕೇ ಇಲ್ಲ ನೀವು” ಎಂದಳು ಪಾವನಾ. ಹೌದು, ಬ್ಯಾಗಿನ ಭಾರಕ್ಕೆ ನಾನು ಗೇಟು ಹಾಕದೆ ಬಂದಿದ್ದೆ. ಅವಳು ಕತ್ತಲಲ್ಲೇ ಮೆಟ್ಟಿಲಿಳಿದಳು. ನಿನ್ನನ್ನು ಮಲಗಿಸಿದ್ದ ಜಾಗ ದಾಟಿದಳು. ಎರಡು ಹೆಜ್ಜೆ ಮುಂದೆ ಹೋದದ್ದೇ ಲೈಟು ಕಣ್ಣು ಬಿಟ್ಟಿತು. ಬೆಳ್ಳಗಿನ ಬೆಳಕು ಅವಳ ಮೈಮೇಲೆಲ್ಲ ಬಿತ್ತು. ಎಷ್ಟು ಸಪೂರವಾಗಿದ್ದಾಳೆಂದು ನಾನು ನೋಡಿದ್ದು ಆಗಲೇ. ಚಿಲಕ ಹಾಕಿ, ಕಂಬಕ್ಕೆ ಕೈಯಿಟ್ಟು ಹಾಗೇ ನಿಂತಳು. ಅವಳು ಅಲುಗದೆ ನಿಂತಿದ್ದರಿಂದ ಲೈಟು ತನ್ನಷ್ಟಕ್ಕೆ ಆರಿತು. ಕತ್ತಲಲ್ಲಿ ಅವಳು ಅತ್ತದ್ದು ಕೇಳಿಸಿತು. ಅನ್ವಿತಾ ಓಡಿ ಹೋದಳು, ಓಡಿದ್ದಕ್ಕೆ ಲೈಟು ಮತ್ತೆ ಹೊತ್ತಿತು. ನಾನು ಸ್ವಿಚ್ಚುಬೋರ್ಡಿನ ಹತ್ತಿರವೇ ಇದ್ದೆ.

ಪಾವನಾ ಆ ರಾತ್ರಿ ಮಲಗಿದವಳು ಶನಿವಾರ ಬಿಸಿಲೇರಿದ ಮೇಲೆ ಎದ್ದಳು. ಶಾಲೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಮಧ್ಯಾಹ್ನ ನಾನು ಹೊರಡುವಾಗ ಒಂದು ಕಾಟನ್ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅನ್ವಿತಾ ಪ್ಯಾನಲ್ಲನ್ನು ಸ್ವಲ್ಪ ಬೇರೆ ಕಡೆಗೆ ಓರೆ ಮಾಡೋಣವೇ, ಆಗ ಬಲ್ಬು ಉರಿದರೂ ಲೈಟು ಕೆಲಸ ಮಾಡುತ್ತದೆ ಎಂದಳು. ನಾನು ಬೇಡ ಎಂದೆ. ನೀನು ಕೂರಿಸಿದ ಹಾಗೆಯೇ ಇರಲಿ. ಇನ್ನು ಮುಂದೆ ಆ ಮನೆಯಲ್ಲಿ ಕೊನೆಗೆ ಬರುವವಳು ಟ್ಯೂಷನ್ನಿನಿಂದ ಬರುವ ಅನ್ವಿತಾಳೇ. ನಿನ್ನೆ ಸಂಜೆ ಅವಳು ಬಂದು, ತಾನೇ ಸ್ವಿಚ್ಚು ಒತ್ತಿ, ಬಾಗಿಲು ಹಾಕಿದಳು.

ಸಿಟ್ಟಿದೆ ನನಗೆ ನಿನ್ನ ಮೇಲೆ. ಆರು ವರ್ಷ ಚಿಕ್ಕವನು ಮೊದಲು ಹೋಗುವುದು ಯಾವ ಸರದಿ? ಈಗ ನನ್ನ ಮನೆಯಲ್ಲಿ ಮೊದಲು ಬರುವವಳೂ ನಾನೇ, ಕೊನೆಗೆ ಬರುವವಳೂ ನಾನೇ. ಇಂದು ಬಂದು ಬಾಗಿಲು ತೆಗೆದು ದೀಪ ಹಾಕುವಾಗ ತೋರುಬೆರಳು ಸಣ್ಣಗೆ ನೋಯುತ್ತಿತ್ತು, ಶುಕ್ರವಾರ ಸ್ವಿಚ್ಚು ಒತ್ತಿದ ಬೆರಳು. ಇಂಜೆಕ್ಷನ್ನಿನ ಜೋಮು ಇಳಿಯುವಾಗ ಮೊದಲು ಹೀಗೆ ಒಂದು ಮೂಲೆಯಿಂದ ನೋವು ಶುರುವಾಗುತ್ತದಂತೆ. ನೋಡುವ.

ಮೊದಲ ಹಾಳೆಯಲ್ಲಿ ಹೊಡೆದು ಹಾಕಿದ ‘ಚಿರಂಜೀವಿ’ಯನ್ನು ಅನ್ವಿತಾಳ ಹೆಸರಿಗೆ ಮಾಡಿದ್ದೇನೆ, ನೀನು ಬೇಸರ ಮಾಡಬೇಡ. ನಿನಗೆ ಇನ್ನು ಏನೆಂದು ಹರಸಲಿ? ಬಲ್ಬು ಆರಿಸಿದ್ದೇವೆ, ಬಾಗಿಲು ಹಾಕಿದ್ದೇವೆ, ಬರಬೇಕಾದವರೆಲ್ಲ ಒಳಗೆ ಬಂದಿದ್ದೇವೆ. ನೀನೂ ಅಮ್ಮನ ಹಾಗೆ ಮಗ್ಗುಲು ಬದಲಿಸಿ ನಿದ್ದೆ ಮಾಡು ಮಗಾ.

ನಿನ್ನ ಅಕ್ಕ,
ಹರಿಣಾಕ್ಷಿ